ಬೇಗಡೆಯ ಚೂರುಗಳು

ಕಾಗದದ ತುಣುಕುಗಳನ್ನು ಅಂಟಿಸಿ ಚಿತ್ರ ರಚಿಸುವ ಪದ್ಧತಿಗೆ ಕಲೆಯ ಇತಿಹಾಸಕಾರರು 1912ನೆಯ ಇಸವಿಯನ್ನು ಹುಟ್ಟುವರ್ಷವೆಂದು ಹೇಳುವುದುಂಟು. ಆ ವರ್ಷ ಫ್ರಾನ್ಸಿನಲ್ಲಿ ಬ್ರಾಕ್ ಎಂಬ ಕಲಾವಿದನು ಮರದ ಗೆರೆಗಳನ್ನು ಮುದ್ರಿಸಿದ್ದ ಗೋಡೆಕಾಗದವನ್ನು ಕತ್ತರಿಸಿ ತನ್ನ ಚಿತ್ರಕ್ಕೆ ಅಂಟಿಸಿದನು. ಅವನ ಗೆಳೆಯ ಪಿಕಾಸೊ ಬೆತ್ತದ ಹೆಣಿಗೆಯನ್ನು ಮುದ್ರಿಸಿದ್ದ ಮೇಣಬಟ್ಟೆಯ ತುಂಡನ್ನು ಬಳಸಿದನು. ‘ಕೊಲಾಜ್’ ಎಂಬ ಹೆಸರಿನ ಮಟ್ಟಿಗೆ ಈ ಲೆಕ್ಕ ಸರಿ. ಕೆಲಸದ ಮಟ್ಟಿಗೆ ಕೇಳಿದರೆ ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿ ಬೇರೊಂದು ಸಾಕ್ಷ್ಯವನ್ನು ಮುಂದಿಡುತ್ತದೆ.

ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿ ಸರಕಾರ 1883ರಲ್ಲಿ ಪ್ರಕಟಿಸಿದ ಈ ಜಿಲ್ಲೆಯ ಗೆಜೆಟಿಯರು ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ಹೆಸರಿಸಿದೆ. ಆದರೆ ಗುಡಿಗಾರರ ಕೈ ಗಂಧದ ಮರಕ್ಕಷ್ಟೇ ಮೀಸಲಾಗಿರಲಿಲ್ಲ. ನೀರಿನಲ್ಲಿ ಬೆಳೆಯುವ ಗಿಡದ ಬೆಂಡನ್ನು ತೆಳ್ಳಗೆ ಸೀಳಿ, ಬಣ್ಣದ ಕಾಗದ ಬೇಗಡೆಗಳನ್ನು ಕೂಡಿಸಿ, ಮದುವಣಿಗರಿಗೆ ಬಾಸಿಂಗವನ್ನೂ ದಂಡೆಯನ್ನೂ ಅವರೇ ಕಟ್ಟಿಕೊಟ್ಟರು. ಗಂಧದ ಪೆಟ್ಟಿಗೆ ಸಾಹುಕಾರನ ಮನೆಯಲ್ಲಿ ತಲೆಮಾರುಗಟ್ಟಲೆ ಉಳಿಯಿತು. ಬಾಸಿಂಗದ ಆಯುಷ್ಯ ಒಂದು ಮದುವೆ. ಉಳಿದದ್ದಕ್ಕೆ ಚರಿತ್ರೆ ದೊರೆಯಿತು, ಉಳಿಯದ್ದಕ್ಕೆ ದೊರೆಯಲಿಲ್ಲ.

ಯಕ್ಷಗಾನದ ವೇಷಭೂಷಣವನ್ನು ಹತ್ತಿರದಿಂದ ನೋಡಿದವರಿಗೆ ಈ ಮಾತು ಇನ್ನೂ ಸ್ಪಷ್ಟವಾದೀತು. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ಹಗುರ ಮರದವು. ರಾತ್ರಿಯಿಡೀ ಹೊತ್ತು ಕುಣಿಯಬೇಕಲ್ಲವೆ! ಮರದ ಮೇಲೆ ಬೇಗಡೆ, ನಡುನಡುವೆ ಕನ್ನಡಿಯ ಚೂರು. ಇಡಿಯ ಹಾಳೆಯನ್ನೇ ಹೊದಿಸಿದ್ದರೆ ಅದು ಒಮ್ಮೆ ಮಿಂಚಿ ಸುಮ್ಮನಾಗುತ್ತಿತ್ತು. ಚಿಕ್ಕ ಚೂರುಗಳಾದರೋ ಒಂದೊಂದೂ ಒಂದೊಂದು ಓರೆಯಲ್ಲಿ ಕುಳಿತಿರುತ್ತವೆ. ದೀವಟಿಗೆಯ ಉರಿ ಅಲುಗಿದಾಗ, ವೇಷಧಾರಿ ತಿರುಗಿದಾಗ, ಬೆಳಕು ಒಂದರಿಂದೊಂದಕ್ಕೆ ಹಾರುತ್ತದೆ. ದೂರದಲ್ಲಿ ಕುಳಿತವನಿಗೆ ಕಾಣುವುದು ಚಿನ್ನವೇ. ಕಿರೀಟದ ಆಕಾರವನ್ನು ಸಂಪ್ರದಾಯ ವಿಧಿಸಿದೆ. ಅಲ್ಲಿ ಸ್ವೇಚ್ಛೆಗೆ ಎಡೆಯಿಲ್ಲ. ಆದರೆ ಕೈಯಲ್ಲಿ ಮಿಕ್ಕಿರುವ ಚೂರು ಯಾವ ಸಂದಿಗೆ ಒಪ್ಪುತ್ತದೆಂಬುದನ್ನು ಯಾವ ಲಕ್ಷಣಗ್ರಂಥವೂ ಹೇಳದು. ಅದು ಬೆರಳಿನ ತಿಳಿವಳಿಕೆ. ನನ್ನ ಮಟ್ಟಿಗೆ, ಈ ಕಸುಬಿನ ಕಲೆಯಿರುವುದು ಆ ಸಂದಿಯಲ್ಲಿಯೇ.

ಬೆರಳಿಗೆ ಇಂಥ ತಿಳಿವಳಿಕೆ ಇರಬಲ್ಲುದೆ ಎಂದು ಸಂದೇಹಿಸುವವರು ಶಾಂತಿನಿಕೇತನದ ವಿನೋದಬಿಹಾರಿ ಮುಖರ್ಜಿಯವರನ್ನು ನೆನೆಯಬಹುದು. 1950ರ ದಶಕದಲ್ಲಿ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡ ಬಳಿಕ ಅವರು ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರಗಳನ್ನು ರಚಿಸಿದರು. ನಮ್ಮದೇ ಜಿಲ್ಲೆಯ ಘಟ್ಟದ ಮೇಲೆ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುವಾಗಲೂ ಮುಂದಿಟ್ಟುಕೊಂಡ ನಕ್ಷೆಯಿರುವುದಿಲ್ಲ. ಅಂಚಿನಿಂದ ತೊಡಗಿ ಒಳಕ್ಕೆ ಸಾಗುತ್ತಾರೆ.

ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ಹೆಸರನ್ನು ನಾಡು ಬಲ್ಲದು, ಬಲ್ಲಬೇಕಾದ್ದೇ. ಭಾಗವತರ ಹೆಸರುಗಳೂ ಉಳಿದಿವೆ. ಕಿರೀಟಕ್ಕೆ ಬೇಗಡೆ ಹಚ್ಚಿದವರ ಹೆಸರುಗಳನ್ನು ಹಾಗೆ ಬರೆದಿಟ್ಟವರು ವಿರಳ. ಮದುವೆಯಂಗಡಿಗಳಲ್ಲಿ ಇಂದು ಥರ್ಮೊಕೋಲಿನ, ಪ್ಲಾಸ್ಟಿಕ್ಕಿನ ಬಾಸಿಂಗ ಸಿಗುತ್ತದೆ. ಅಗ್ಗದ್ದು, ಒಂದರಂತೆ ಇನ್ನೊಂದು. ಕೊಳ್ಳುವವರನ್ನು ದೂರಿ ಫಲವಿಲ್ಲ. ಬೆಂಡಿನ ಕೆಲಸ ಬಲ್ಲ ಹಿರಿಯರು ಊರಲ್ಲಿದ್ದರೆ ಅವರ ಮುಂದೆ ಅರ್ಧ ದಿನ ಕುಳಿತು, ಅವರು ಮಿಕ್ಕ ಚೂರನ್ನು ಎಸೆಯುವ ಮೊದಲು ಎಲ್ಲೆಲ್ಲಿ ಇಟ್ಟು ನೋಡುತ್ತಾರೆಂಬುದನ್ನು ಗುರುತು ಹಾಕಿಕೊಳ್ಳಬೇಕು. ಹೆಸರನ್ನೂ ಕೇಳಿ ಬರೆದುಕೊಳ್ಳಬೇಕು.