ಹೊಳೆ ಎಲ್ಲಿಂದ ಬಂತು?

ನಂದೊಳ್ಳಿಯಲ್ಲಿ ಬಸ್ಸಿಗೆ ಕಾದಿದ್ದ ಅಜ್ಜಿಯೊಬ್ಬರು ದೂರದ ಊರಿನ ಮೊಮ್ಮಗನಿಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು: "ಮೇಘಸ್ಫೋಟ ಆಜಡ ತಮಾ. ಹೊಳೆ ಬೈಂದು."

ಹವ್ಯಕ ಮಾತು ಬಾರದವರಿಗೆ ಒಂದು ಮಾತು ಹೇಳಬೇಕು. 'ಆಜು' ಎಂದರೆ ಆಗಿದೆ, 'ಆಜಡ' ಎಂದರೆ ಆಗಿದೆಯಂತೆ. ಕೊನೆಯ ಆ 'ಅಡ' ಬಹಳ ಪ್ರಾಮಾಣಿಕ ಪ್ರತ್ಯಯ. ನಾನು ಕಂಡದ್ದಲ್ಲ, ಯಾರೋ ಅಂದದ್ದು, ಜವಾಬ್ದಾರಿ ನನ್ನದಲ್ಲ ಎಂದು ಎರಡಕ್ಷರದಲ್ಲಿ ಕೈತೊಳೆದುಕೊಳ್ಳುತ್ತದೆ. ಅಜ್ಜಿ ಮೇಘಸ್ಫೋಟಕ್ಕೆ ಅಡ ಹಚ್ಚಿದರು, ಹೊಳೆಗೆ ಹಚ್ಚಲಿಲ್ಲ. ಸ್ಫೋಟ ಟಿವಿಯವರದು, ಹೊಳೆ ಮಾತ್ರ ತಾವೇ ಕಂಡದ್ದು. ನಮ್ಮ ಸುದ್ದಿವಾಹಿನಿಗಳಿಗೆ ಒಂದೇ ಒಂದು ಪ್ರತ್ಯಯವನ್ನು ದಾನ ಮಾಡುವ ಅಧಿಕಾರ ನನಗಿದ್ದರೆ ಅದು ಈ 'ಅಡ'ವೇ.

ಮೇಘಸ್ಫೋಟಕ್ಕೆ ಹವಾಮಾನ ಇಲಾಖೆಯಲ್ಲಿ ಲೆಕ್ಕವಿದೆ. 20ರಿಂದ 30 ಚದರ ಕಿಲೋಮೀಟರಿನಷ್ಟು ಜಾಗದ ಮೇಲೆ ಒಂದೇ ತಾಸಿನಲ್ಲಿ 100 ಮಿಲಿಮೀಟರ್ ಅಥವಾ ಇನ್ನೂ ಹೆಚ್ಚು ಮಳೆ ಸುರಿಯಬೇಕು. ಈಗ ಮಾರ್ಕೆಟ್ಟಿನ ಗಟಾರ ಉಕ್ಕಿದರೂ ಮೇಘ ಸ್ಫೋಟಿಸುತ್ತದೆ. ಅದಾಗದಿದ್ದರೆ 'ರಣಮಳೆ', 'ವರುಣಾರ್ಭಟ', ಕೊನೆಗೆ 'ಜಲಪ್ರಳಯ'. ಪ್ರಳಯವೆಂದರೆ ಲೋಕವೇ ಮುಗಿಯಬೇಕು, ಇವರದ್ದು ವಾರಕ್ಕೆರಡು ಸಲ ಆಗಿ ಮತ್ತೆ ಜಾಹೀರಾತಿಗೆ ಹೋಗುತ್ತದೆ. ಇಲಾಖೆಯದ್ದು ಇನ್ನೊಂದು ಬಗೆಯ ಬಡತನ. ದಿನಕ್ಕೆ 64.5 ಮಿ.ಮೀ. ದಾಟಿದರೆ 'ಭಾರಿ', 115.6ಕ್ಕೆ 'ಅತಿ ಭಾರಿ', 204.5ರ ಮೇಲೆ 'ಅತ್ಯಂತ ಭಾರಿ'. ಆಷಾಢದ ಯಲ್ಲಾಪುರದಲ್ಲಿ ಅವರ ಮೊದಲ 'ಭಾರಿ' ಎಂದರೆ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆ ನೋಡಿ ಬರುವ ಮಳೆ. ಇನ್ನು 'ಗುಡುಗು ಸಹಿತ ಮಳೆ' ಎಂಬ ಮಾತಂತೂ ಮದುವೆ ಕಾಗದದಲ್ಲಿ 'ಸಕುಟುಂಬ ಸಹಿತ' ಎಂದು ಬರೆದಂತೆ. ಗುಡುಗು ಮಕ್ಕಳುಮರಿ ಕಟ್ಟಿಕೊಂಡು ಮಳೆಯ ಹಿಂದೆ ಬರುತ್ತದೆ ಎಂದುಕೊಳ್ಳಬೇಕು. ನಮ್ಮಲ್ಲಿ ಗುಡುಗುಮಳೆಗೆ ಕಾಲವೇ ಬೇರೆ. ಮಳೆಗಾಲದ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಕಡೆಗೆ ಅಕ್ಟೋಬರಿನಲ್ಲಿ ಒಮ್ಮೆ. ನಟ್ಟನಡುವಿನ ಜಡಿಮಳೆಯಲ್ಲಿ ಗುಡುಗು ಕೇಳಿದರೆ, ಸದ್ಯ, ಇನ್ನು ಮಳೆ ಬಿಟ್ಟೀತು ಎನ್ನುವವರಿದ್ದಾರೆ.

ನನ್ನ ತಲೆಗೆ ಹತ್ತಿಕೊಂಡದ್ದು ಅಜ್ಜಿಯ ಎರಡನೇ ವಾಕ್ಯ. ಹೊಳೆ ಬಂದಿದೆ. ವರ್ಷವಿಡೀ ಅಲ್ಲೇ ಹರಿಯುತ್ತಿದ್ದ ಹೊಳೆ ಈಗ ಬರುವುದೆಂದರೇನು? ಇಷ್ಟು ದಿನ ಯಾವ ನೆಂಟರ ಮನೆಯಲ್ಲಿತ್ತು?

ಇದಕ್ಕೆ ನನ್ನದೊಂದು ಸಿದ್ಧಾಂತವಿದೆ. ಭಾಷಾಶಾಸ್ತ್ರಜ್ಞರು ಒಪ್ಪಲೇಬೇಕೆಂದಿಲ್ಲ, ಅವರು ಒಪ್ಪಿದ ಸಿದ್ಧಾಂತಗಳಿಂದ ನನಗೇನೂ ಉಪಕಾರವಾಗಿಲ್ಲ. ಧಾರವಾಡದ ಕಡೆ 'ಹಳ್ಳ ಬಂತು' ಎನ್ನುತ್ತಾರೆ. ಅಲ್ಲಿ ಅದು ನೆಟ್ಟಗಿನ ಮಾತು. ಬೇಸಿಗೆಯಲ್ಲಿ ಒಣಮರಳಾಗಿ ಬಿದ್ದಿರುವ ಹಳ್ಳಕ್ಕೆ, ಎಲ್ಲೋ ಮೇಲೆ ಗುಡುಗುಮಳೆ ಹೊಡೆದರೆ, ನೀರು ನಿಜಕ್ಕೂ ಬರುತ್ತದೆ. ನವಲಗುಂದದವರಿಗೆ ಬೆಣ್ಣೆಹಳ್ಳ, ತುಪ್ಪರಿಹಳ್ಳ ಬರುವುದು ಹಾಗೆ. ಹೆಸರಿನಲ್ಲಷ್ಟೇ ಬೆಣ್ಣೆ-ತುಪ್ಪ, ಬಂದಾಗ ಹೊಲವನ್ನೇ ಉಣ್ಣುತ್ತವೆ. ಅವು ಪೂರ್ವಕ್ಕೆ, ಮಲಪ್ರಭೆಯ ಕಡೆಗೆ ಹೊರಟುಹೋಗುತ್ತವೆ, ನಮಗೆ ಸಂಬಂಧವಿಲ್ಲ. ನಮಗೆ ಸಂಬಂಧಪಟ್ಟದ್ದು ಬೇಡ್ತಿ. ಅದೂ ಹುಟ್ಟುವುದು ಆ ಧಾರವಾಡ ಸೀಮೆಯಲ್ಲೇ. ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆಯನ್ನು ಸೇರಿಸಿಕೊಂಡು, ಕಲಘಟಗಿಯ ಬಯಲು ದಾಟಿ ಯಲ್ಲಾಪುರದ ಕಾಡಿಗೆ ನುಗ್ಗಿ, ಮಾಗೋಡಿನಲ್ಲಿ ಸುಮಾರು 200 ಮೀಟರು ಧುಮುಕುತ್ತದೆ. ಆದ್ದರಿಂದ 'ಬಂತು' ಎಂಬ ಕ್ರಿಯಾಪದ ಬಯಲುಸೀಮೆಯಿಂದ ನೀರಿನ ಜೊತೆಗೇ ಹರಿದುಬಂದು ನಮ್ಮ ಮಲೆನಾಡಿಗೆ ಸೇರಿದೆ ಎಂಬುದು ನನ್ನ ವಾದ. ಇಲ್ಲಿ ಹನಿ ಬೀಳದಿದ್ದರೂ ಅಲ್ಲಿ ಸಂಜೆ ಸಿಡಿಲು ಹೊಡೆದು ಸುರಿದರೆ ಹೊಳೆ ಕೆಂಪಾಗಿ ಏರುತ್ತದೆ. 'ಬಂತು' ಎನ್ನದೆ ಇನ್ನೇನೆನ್ನಬೇಕು? ಬಂದದ್ದು ಬೇರೆ ಊರಿನ ಮಳೆಯೇ ತಾನೆ!

'ನೆರೆ' ಬಂದದ್ದು ಎದುರು ದಿಕ್ಕಿನಿಂದ. ಅದು ಕರಾವಳಿಯ ಮಾತಾಗಿದ್ದು, ಉಪ್ಪು-ಮೀನಿನ ಜೊತೆ ಅರಬೈಲ್ ಘಟ್ಟ ಹತ್ತಿರಬೇಕು. ಪತ್ರಿಕೆಗಳು ನಾಡಿಗೆಲ್ಲ ಹಂಚಿದ್ದು ಆಮೇಲೆ. ಅಂಕೋಲಾ ಸೀಮೆಗೆ ಇಳಿದ ಬೇಡ್ತಿ ಹೆಸರು ಬದಲಿಸಿ ಗಂಗಾವಳಿಯಾಗುತ್ತದೆ. ಹೊಳೆಯೇ ಘಟ್ಟ ಇಳಿದು ಹೆಸರು ಬದಲಿಸುವಾಗ ಪ್ರವಾಹದ ಹೆಸರು ಬದಲಾದರೆ ತಪ್ಪೇನು? ಇನ್ನೂ ತೆಂಕಕ್ಕೆ ಹೋದರೆ ತುಳುವರಿಗೆ ಅದು ಬೊಳ್ಳ. ನೇತ್ರಾವತಿ 1923ರಲ್ಲಿ ಉಕ್ಕಿದ್ದನ್ನು ಅವರು 'ಮಾರಿ ಬೊಳ್ಳ' ಎಂದು ಕರೆದು, ನೂರು ವರ್ಷವಾದರೂ ಮರೆತಿಲ್ಲ. ನೆರೆಗೂ ನೆರೆಹೊರೆಗೂ ನೆಂಟಸ್ತಿಕೆ ಏನೆಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅದನ್ನು ಪ್ರತಿ ಮಳೆಗಾಲದಲ್ಲೂ ಒಬ್ಬ ಅಂಕಣಕಾರ ಬರೆಯುತ್ತಾನೆ, ಈ ಸಲ ನನ್ನ ಪಾಳಿಯಲ್ಲ. 'ಪ್ರವಾಹ'ದ ಮೇಲಂತೂ ನನಗೆ ಗೌರವವೇ ಇಲ್ಲ. ಅದಕ್ಕೆ ಹರಿವು ಎಂದಷ್ಟೇ ಅರ್ಥ. ಏಪ್ರಿಲ್ಲಿನಲ್ಲಿ ಪಾದ ಮುಳುಗದ ನೀರೂ ಪ್ರವಾಹವೇ.

ವರದೆಯ ಕಡೆ ಮಾತ್ರ ಈ 'ಬಂತು' ಪೂರ್ತಿ ಸಾಲದು. ಬನವಾಸಿಯ ಸುತ್ತಿನ ತಗ್ಗು ಗದ್ದೆಗಳಲ್ಲಿ ನೀರು ಬಂದು ಹೋಗುವುದಿಲ್ಲ, ಬಂದು ಕೂರುತ್ತದೆ. (ಬನವಾಸಿ ಎಂದ ಕೂಡಲೇ ಪಂಪನನ್ನು ನೆನೆಯಬೇಕೆಂಬ ನಿಯಮವಿದೆ. ಇವತ್ತು ಅವನಿಗೆ ರಜೆ.)

ಇನ್ನು ಗಾದೆ. 'ಅಸಲೆ ಮಳೆ ಈಸಲಾರದ ಹೊಳೆ.' ಅಸಲೆ ಎಂದರೆ ಆಶ್ಲೇಷಾ. ಆರ್ದ್ರೆಯನ್ನು ಆರಿದ್ರೆ ಮಾಡಿ, ಹುಬ್ಬೆಯನ್ನು ಹುಬ್ಬೇರಿಸದೆ ಕರೆದ ಜನ ಇಟ್ಟ ಹೆಸರು. ಅಸಲೆ, ಈಸಲಾ, ಪ್ರಾಸ ಎಷ್ಟು ಸಲೀಸಾಗಿ ಕೂತಿದೆ ನೋಡಿ. ಆದರೆ ನನಗೆ ರುಚಿಸಿದ್ದು ಪ್ರಾಸವಲ್ಲ, 'ಈಸಲಾರದ' ಎಂಬ ಅಳತೆ. ಗಾದೆ ಕಟ್ಟಿದವನು ಹೊಳೆ ಎಷ್ಟು ಅಡಿ ಏರಿತು, ಎಷ್ಟು ಕ್ಯೂಸೆಕ್ ಹರಿಯಿತು ಎಂದು ಹೇಳಲಿಲ್ಲ. ಒಬ್ಬ ಒಳ್ಳೆಯ ಈಜುಗಾರನನ್ನು ದಡದಲ್ಲಿ ನಿಲ್ಲಿಸಿ, ಇವನಿಂದ ಆಗುವುದಿಲ್ಲ ಎಂದ. ಆ ಈಜುಗಾರ ಬೇರೆ ಮಳೆಗಳಲ್ಲಿ ಈಸಿ ದಾಟುತ್ತಿದ್ದ ಎಂಬುದೂ ಅದರಲ್ಲೇ ಅಡಗಿದೆ: ಕಾಲುಸಂಕ ಕೊಚ್ಚಿಹೋದರೂ ಆಚೆ ಮನೆಗೆ ಹೋಗಿಬರುವ ಕೆಲಸ ನಿಲ್ಲುತ್ತಿರಲಿಲ್ಲ, ಅಸಲೆಯೊಂದರ ಹೊರತು. ಕೆಂಪು, ಕಿತ್ತಳೆ, ಹಳದಿ ಅಲರ್ಟುಗಳಲ್ಲಿ ಈ ಮನುಷ್ಯ ಎಲ್ಲಿದ್ದಾನೆ?

ಗಾದೆ ನಿಜವೋ ಎಂದರೆ, 2019ರ ಆಗಸ್ಟ್ ಮೊದಲ ವಾರದ ಕೊನೆಗೆ ಗಂಗಾವಳಿ ದಡದ ಊರುಗಳು ಮುಳುಗಿದ್ದು ಸರಿಯಾಗಿ ಅಸಲೆಯಲ್ಲಿ. ಸೂರ್ಯ ಆ ನಕ್ಷತ್ರಕ್ಕೆ ಬರುವುದೇ ಆಗಸ್ಟ್ 3ರ ಸುಮಾರಿಗೆ. ಆದರೆ 2021ರಲ್ಲಿ ಗುಳ್ಳಾಪುರದ ಸೇತುವೆಯನ್ನು ಇದೇ ಹೊಳೆ ಒಯ್ದದ್ದು ಜುಲೈಯಲ್ಲಿ, ಪುಷ್ಯ ಮಳೆಯಲ್ಲಿ. ಗಾದೆ ಸೋತಿತೇ? ಇಲ್ಲ. ನಕ್ಷತ್ರಗಳ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ನಡುವೆ ಭೂಮಿಯ ಅಕ್ಷದ ಓಲಾಟದಿಂದ ನಿಧಾನವಾಗಿ ಅಂತರ ಬೀಳುತ್ತದೆ, ಸುಮಾರು 950 ವರ್ಷಕ್ಕೆ ಒಂದು ನಕ್ಷತ್ರದಷ್ಟು. ಅಂದರೆ ಇಂದಿನ ಪುಷ್ಯದ ದಿನಗಳು ಅಂದಿನ ಅಸಲೆಯ ದಿನಗಳು. ಗಾದೆ ಹುಟ್ಟಿದ್ದು, ಹಾಗಾದರೆ, 1076ರಲ್ಲಿ ಪಟ್ಟವೇರಿದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ! 2021 ಹಳೆಯ ಪಂಚಾಂಗಕ್ಕೆ ಸರಿ, 2019 ಹೊಸದಕ್ಕೆ ಸರಿ. ಶಾಸನ ತೋರಿಸಿ ಎನ್ನಬೇಡಿ. ಈಸಲಾರದ ಹೊಳೆಯ ದಡದಲ್ಲಿ ನಿಂತವನು ಕಲ್ಲು ಕೆತ್ತುತ್ತಾ ಕೂರುವುದಿಲ್ಲ.

2021ರ ಅದೇ ಜುಲೈ 23ರಂದು ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಇಳಿದು ಮನೆ, ತೋಟ, ದಾರಿ ಎಲ್ಲವನ್ನೂ ಮುರಿಯಿತು. ಅರಬೈಲ್ ಘಟ್ಟವೂ ಕುಸಿದು ಹುಬ್ಬಳ್ಳಿ-ಅಂಕೋಲಾ ಹೆದ್ದಾರಿ ನಿಂತುಹೋಯಿತು. 28ಕ್ಕೆ ಮುಖ್ಯಮಂತ್ರಿಯಾದ ಬಸವರಾಜ ಬೊಮ್ಮಾಯಿ ಮರುದಿನವೇ ಈ ಕಡೆ ಬಂದರು. ಪತ್ರಿಕೆಗಳು 'ಭೂಕುಸಿತ' ಎಂದವು. ಊರವರ ಮಾತು 'ಧರೆ ಕುಸಿತ'. ಕವಿಗಳಿಗೆ ಧರೆಯೆಂದರೆ ಭೂಮಂಡಲ, ಮಲೆನಾಡಿಗನಿಗೆ ಮನೆಯ ಹಿಂದೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ. ಆ ದಿನ ಕವಿಗಳ ಧರೆಯೂ ಇವರ ಧರೆಯೂ ಒಂದೇ ಆಗಿತ್ತು. ಮೇಘಸ್ಫೋಟ ಎಂಬ ಮಾತಿನ ಮೇಲೆ ನನ್ನ ಸಿಟ್ಟು ಇದಕ್ಕೇ. ಅದು ಕತ್ತೆತ್ತಿ ಮೋಡ ನೋಡುವ ಮಾತು. ಗುಡ್ಡ ಯಾರು ಕಡಿದರು, ಹಳ್ಳಕ್ಕೆ ದಾರಿ ಯಾರು ತಪ್ಪಿಸಿದರು ಎಂದು ಕೇಳಬೇಕಾಗಿಲ್ಲ, ಮೇಘ ಸ್ಫೋಟಿಸಿತು, ಕಡತ ಮುಗಿಯಿತು.

ಇನ್ನೊಂದು ಚೋದ್ಯ. ಹೊಳೆ ಬಂದರೆ ಸಂಕ 'ಹೋಗುತ್ತದೆ', ಹೊಳೆ ಮಾತ್ರ ಹೋಗುವುದಿಲ್ಲ, 'ಇಳಿಯುತ್ತದೆ'. ಇಳಿದ ಮೇಲೆ ಅಡಿಕೆ ತೋಟದಲ್ಲಿ ಉಳಿಯುವ ಮರಳುಮಣ್ಣು ರೇವೆ. ಅದಕ್ಕೆ ಪತ್ರಿಕೆಯವರ ಬಳಿ ಇನ್ನೂ ದೊಡ್ಡ ಪದ ಹುಟ್ಟಿಲ್ಲ, ಪುಣ್ಯ.

ನನ್ನ ಸಿದ್ಧಾಂತಕ್ಕೆ ಒಂದೇ ಒಂದು ಸಾಕ್ಷಿ ಬೇಕಾಗಿದೆ. ಬೇಡ್ತಿಯ ದಡದಗುಂಟ 'ಹೊಳೆ ಬಂತು' ಮುಗಿದು 'ನೆರೆ ಬಂತು' ಶುರುವಾಗುವ ಊರು ಯಾವುದು? ಅರಬೈಲಿನ ಮೇಲೋ, ಕೆಳಗೋ? ಗುಳ್ಳಾಪುರ, ರಾಮನಗುಳಿ ಕಡೆಯವರು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಟಿವಿ ಆರಿಸಿ ಕೇಳಿ.