ಕುಂಡದ ಗಿಡದ ಬೇರಿಗೆ ಹುಳು ಬಿದ್ದರೆ ಬೆಂಕಿಕಡ್ಡಿ ಚುಚ್ಚಬೇಕೇ? ಗುಳಿಗೆ ಔಷಧಿ ಹಾಕಬಹುದೇ?

ನೀರು ಹಾಕಿದರೂ ಗಿಡ ಬಾಡುತ್ತಿದೆ, ಎಲೆ ಹಳದಿಯಾಗುತ್ತಿದೆ, ಮಣ್ಣಿನಿಂದ ಸಣ್ಣ ಕಪ್ಪು ನೊಣಗಳು ಏಳುತ್ತಿವೆ. ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ ಹಾಕಿದರೆ ಸಾಕು, ಸಲಹೆಗಳು ಸಾಲಾಗಿ ಬರುತ್ತವೆ. ಮಣ್ಣಿಗೆ ಬೆಂಕಿಕಡ್ಡಿ ಚುಚ್ಚಿ, ಉಪ್ಪು ನೀರು ಹಾಕಿ, ಗೊಬ್ಬರದ ಅಂಗಡಿಯಲ್ಲಿ ಗುಳಿಗೆ ಔಷಧಿ ತಂದು ಒಂದು ಚಮಚ ಹಾಕಿ. ಇವುಗಳಲ್ಲಿ ಯಾವುದು ನಿಜ, ಯಾವುದು ಅಪಾಯ? ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

ಬೆಂಕಿಕಡ್ಡಿ ಮತ್ತು ಉಪ್ಪು ನೀರು ಪ್ರಯೋಜನಕ್ಕೆ ಬರುವುದಿಲ್ಲ, ಗಿಡಕ್ಕೇ ಹಾನಿ ಮಾಡಬಹುದು. ಹೊಲಕ್ಕೆ ಬಳಸುವ ಗುಳಿಗೆ ಔಷಧಿಯನ್ನು ಮನೆಯ ಕುಂಡಕ್ಕೆ ಹಾಕಲೇಬಾರದು. ಔಷಧಿ ಹುಡುಕುವ ಮೊದಲು ಗಿಡವನ್ನು ಕುಂಡದಿಂದ ಹೊರತೆಗೆದು ಬೇರು ನೋಡಿ. ಅರ್ಧ ಪರಿಹಾರ ಅಲ್ಲೇ ಇದೆ.

ಬಾಡಿದ ಗಿಡಕ್ಕೆಲ್ಲ ಹುಳು ಕಾರಣವೇ?

ಅಲ್ಲ. ಮನೆಯೊಳಗಿನ ಗಿಡಗಳು ಸಾಯುವುದಕ್ಕೆ ಬಹಳ ಸಾಮಾನ್ಯ ಕಾರಣ ಅತಿಯಾದ ನೀರು. ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ, ಹಾಗಾಗಿ ಎಲೆ ಬಾಡುತ್ತದೆ. ಬಾಡಿತೆಂದು ನಾವು ಇನ್ನಷ್ಟು ನೀರು ಸುರಿಯುತ್ತೇವೆ.

ಕುಂಡವನ್ನು ಓರೆ ಮಾಡಿ, ಬದಿಗೆ ಮೆಲ್ಲಗೆ ತಟ್ಟಿ, ಮಣ್ಣಿನ ಉಂಡೆ ಸಮೇತ ಗಿಡವನ್ನು ಹೊರತೆಗೆಯಿರಿ. ಆರೋಗ್ಯವಂತ ಬೇರು ಸಾಮಾನ್ಯವಾಗಿ ಬಿಳಿ ಅಥವಾ ತಿಳಿಕಂದು ಬಣ್ಣದಲ್ಲಿದ್ದು ಗಟ್ಟಿಯಾಗಿರುತ್ತದೆ. ಕಪ್ಪಾಗಿ, ಮೆತ್ತಗಾಗಿ, ಕೆಟ್ಟ ವಾಸನೆ ಬಂದರೆ ಅದು ಕೊಳೆ ರೋಗ. ಅದಕ್ಕೆ ಯಾವ ಹುಳುವಿನ ಔಷಧಿಯೂ ಕೆಲಸಕ್ಕೆ ಬಾರದು.

ಬೇರಿನಲ್ಲಿ ಏನು ಕಂಡರೆ ಏನು ಅರ್ಥ?

ಹತ್ತಿಯಂಥ ಬಿಳಿ ಚುಕ್ಕೆಗಳು: ಬೇರಿಗೂ ಕುಂಡದ ಒಳಗೋಡೆಗೂ ಅಂಟಿಕೊಂಡಿದ್ದರೆ ಅದು ಬೇರಿನ ಹಿಟ್ಟು ತಿಗಣೆ ಇರಬಹುದು. ಬೇರಿನ ರಸ ಹೀರುತ್ತದೆ. ಕಡ್ಡಿಯಿಂದ ಒತ್ತಿದರೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ನರ್ಸರಿ ಮಣ್ಣಿನಲ್ಲಿ ಬೆರೆಸುವ ಪರ್ಲೈಟ್ ಕೂಡ ಬಿಳಿಯೇ, ಆದರೆ ಅದು ಒತ್ತಿದರೆ ಪುಡಿಯಾಗುವ ಹಗುರ ಕಲ್ಲು. ಕುಂಡದ ಬುಡದಲ್ಲಿ ಇರುವೆ ಸಾಲು ಕಂಡರೆ ಅನುಮಾನ ಬಲವಾಗುತ್ತದೆ, ಏಕೆಂದರೆ ತಿಗಣೆ ಹೊರಸೂಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ.

ಗಾಜಿನಂಥ ಮೈ, ಕಪ್ಪು ತಲೆಯ ಸಣ್ಣ ಹುಳು: ಇದು ಫಂಗಸ್ ನ್ಯಾಟ್ ಎಂಬ ಸಣ್ಣ ಕಪ್ಪು ನೊಣದ ಮರಿ. ಒದ್ದೆ ಮಣ್ಣಿನ ಮೇಲ್ಪದರದಲ್ಲಿ ಶಿಲೀಂಧ್ರ ತಿಂದು ಬದುಕುತ್ತದೆ, ಸಂಖ್ಯೆ ಹೆಚ್ಚಾದರೆ ಎಳೆ ಬೇರಿಗೂ ಬಾಯಿ ಹಾಕುತ್ತದೆ. ಖಚಿತಪಡಿಸಿಕೊಳ್ಳಲು ಹಸಿ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿನ ಮೇಲಿಡಿ. ಎರಡು ಮೂರು ದಿನ ಬಿಟ್ಟು ಎತ್ತಿ ನೋಡಿದರೆ ಅಡಿಯಲ್ಲಿ ಮರಿಗಳು ಸೇರಿರುತ್ತವೆ.

ಬೇರಿನಲ್ಲೇ ಉಬ್ಬಿದ ಗಂಟುಗಳು: ಬೇರುಗಂಟು ಜಂತುಹುಳುವಿನ ಕೆಲಸ. ಈ ಜಂತು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಟೊಮೆಟೊ, ಬದನೆ, ಬೆಂಡೆ, ತುಳಸಿಗೆ ಹೆಚ್ಚು ಬರುತ್ತದೆ. ಅವರೆ, ಅಲಸಂದೆಯಂಥ ದ್ವಿದಳ ಗಿಡಗಳ ಬೇರಿನಲ್ಲಿ ಗಂಟು ಕಂಡರೆ ಅವಸರ ಬೇಡ. ಬೆರಳಿನಿಂದ ಉಜ್ಜಿದಾಗ ಸುಲಭವಾಗಿ ಉದುರುವ, ಒಳಗೆ ನಸುಗೆಂಪಾಗಿರುವ ಗಂಟುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಉಪಕಾರಿ ಬ್ಯಾಕ್ಟೀರಿಯಾದ ಮನೆಗಳು.

ಸುರುಳಿ ಮಲಗಿದ ದಪ್ಪ ಬಿಳಿ ಹುಳು: ಗೊಣ್ಣೆ ಹುಳು. ಚೆನ್ನಾಗಿ ಕಳಿಯದ ಸಗಣಿ ಗೊಬ್ಬರದ ಜೊತೆ ಕುಂಡಕ್ಕೆ ಬರುತ್ತದೆ. ಮಣ್ಣು ಕೆದಕಿ ಕೈಯಿಂದ ಆರಿಸಿ ತೆಗೆದರೆ ಸಾಕು.

ಎರೆಹುಳು ಕಂಡರೆ ಕೊಲ್ಲಬೇಡಿ. ಅದು ಬೇರು ತಿನ್ನುವುದಿಲ್ಲ.

ಬೆಂಕಿಕಡ್ಡಿಯ ಸಲಹೆ ನಿಜವೇ?

ಕಡ್ಡಿಯ ತಲೆಯಲ್ಲಿರುವ ರಂಜಕ ಗಿಡಕ್ಕೆ ಗೊಬ್ಬರ, ಹುಳುವಿಗೆ ವಿಷ ಎನ್ನುವುದು ಇದರ ಹಿಂದಿನ ವಾದ. ಆದರೆ ಸಾಮಾನ್ಯ ಸೇಫ್ಟಿ ಬೆಂಕಿಪೊಟ್ಟಣದಲ್ಲಿ ಕೆಂಪು ರಂಜಕ ಇರುವುದು ನಾವು ಕಡ್ಡಿ ಗೀರುವ ಬದಿಯಲ್ಲಿ. ಕಡ್ಡಿಯ ತಲೆಯಲ್ಲಿ ಮುಖ್ಯವಾಗಿ ಇರುವುದು ಪೊಟ್ಯಾಸಿಯಂ ಕ್ಲೋರೇಟ್, ಜೊತೆಗೆ ಸ್ವಲ್ಪ ಗಂಧಕ ಮತ್ತು ಅಂಟು. ಕ್ಲೋರೇಟ್ ಗಿಡಗಳಿಗೆ ಒಳ್ಳೆಯದಲ್ಲ. ಅದೇ ಜಾತಿಯ ಸೋಡಿಯಂ ಕ್ಲೋರೇಟನ್ನು ಕಳೆನಾಶಕವಾಗಿ ಬಳಸುತ್ತಿದ್ದರು.

ಉಪ್ಪು ನೀರು ಇನ್ನೂ ಕೆಟ್ಟದ್ದು. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಬೇರಿಗೆ ನೀರು ಹೀರುವುದೇ ಕಷ್ಟವಾಗುತ್ತದೆ. ಹುಳು ಸಾಯುವ ಮೊದಲು ಗಿಡ ಸಾಯುತ್ತದೆ.

ಗುಳಿಗೆ ಔಷಧಿ ಏಕೆ ಬೇಡ?

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ತೋಟ, ಗದ್ದೆಗಳಲ್ಲಿ ಬೇರು ಹುಳುವಿಗೆ ಬಹಳ ವರ್ಷ ಬಳಕೆಯಲ್ಲಿದ್ದದ್ದು ಫೋರೇಟ್ ಗುಳಿಗೆ. ಜನರ ಬಾಯಲ್ಲಿ ಅದು ‘ಥಿಮೆಟ್’. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದು ಅತ್ಯಂತ ಅಪಾಯಕಾರಿ ಕೀಟನಾಶಕಗಳ ಗುಂಪಿಗೆ ಸೇರಿದೆ. ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಆದೇಶದಂತೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಇದರ ಬಳಕೆ ನಿಷಿದ್ಧ. ಹಳೆಯ ದಾಸ್ತಾನು ಯಾರದೋ ಮನೆಯಲ್ಲಿ ಉಳಿದಿದ್ದರೂ ಅದನ್ನು ಕುಂಡಕ್ಕೆ ತರಬೇಡಿ.

ಇಂಥ ಔಷಧಿ ಮಣ್ಣಿನಲ್ಲೇ ಉಳಿಯುವುದಿಲ್ಲ. ಬೇರು ಅದನ್ನು ಹೀರಿ ಎಲೆಯವರೆಗೂ ಕಳಿಸುತ್ತದೆ, ಅದು ಕೆಲಸ ಮಾಡುವ ರೀತಿಯೇ ಹಾಗೆ. ನಮ್ಮ ಮನೆಗಳ ಕುಂಡದಲ್ಲಿ ಇರುವುದಾದರೂ ಏನು? ತುಳಸಿ, ದೊಡ್ಡಪತ್ರೆ, ಕರಿಬೇವು, ಪುದೀನ. ಮಗುವಿಗೆ ಶೀತವಾದರೆ ಕೈ ಹೋಗುವುದು ಇದೇ ಎಲೆಗಳಿಗೆ. ತೊಳೆದರೆ ಎಲೆಯ ಮೇಲಿನ ವಿಷ ಹೋಗಬಹುದು, ಒಳಗೆ ಸೇರಿದ್ದು ಹೋಗುವುದಿಲ್ಲ.

ಫೋರೇಟ್‌ನಂಥ ವಿಷ ನರಗಳ ಕೆಲಸವನ್ನು ಕೆಡಿಸುತ್ತದೆ. ವಾಂತಿ, ಅತಿಯಾದ ಜೊಲ್ಲು ಮತ್ತು ಬೆವರು, ಉಸಿರಾಟದ ತೊಂದರೆ ಇದರ ಲಕ್ಷಣಗಳು. ಯಾರಿಗಾದರೂ ಹೀಗಾದರೆ ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಔಷಧಿಯ ಪೊಟ್ಟಣವನ್ನೂ ಆಸ್ಪತ್ರೆಗೆ ಒಯ್ಯಿರಿ.

ಹಾಗಾದರೆ ಏನು ಮಾಡಬೇಕು?

1. ಬಾಧೆ ಇರುವ ಕುಂಡವನ್ನು ಬೇರೆ ಗಿಡಗಳಿಂದ ದೂರ ಇಡಿ. ಅದರಿಂದ ಹರಿದ ನೀರು ಪಕ್ಕದ ಕುಂಡದ ತಟ್ಟೆಗೆ ಹೋಗದಿರಲಿ.

2. ಸಣ್ಣ ನೊಣ ಇದ್ದರೆ, ಗಿಡ ತಡೆದುಕೊಳ್ಳುವಂತಿದ್ದರೆ, ಮೇಲಿನ ಒಂದೆರಡು ಅಂಗುಲ ಮಣ್ಣು ಒಣಗುವವರೆಗೂ ನೀರು ಹಾಕಬೇಡಿ. ಹಾರುವ ನೊಣಕ್ಕೆ ಹಳದಿ ಅಂಟುಕಾರ್ಡ್ ಇಡಿ. ಮೊಟ್ಟೆಯಿಂದ ನೊಣವಾಗಲು ಸುಮಾರು ಮೂರು ನಾಲ್ಕು ವಾರ ಬೇಕು, ಆದ್ದರಿಂದ ಒಂದು ತಿಂಗಳಾದರೂ ಈ ಕ್ರಮ ಬಿಡಬೇಡಿ.

3. ಹಿಟ್ಟು ತಿಗಣೆ ಇದ್ದರೆ ಹಳೆಯ ಮಣ್ಣನ್ನೆಲ್ಲ ಉದುರಿಸಿ, ನಲ್ಲಿಯ ಕೆಳಗೆ ಬೇರು ತೊಳೆಯಿರಿ. ಹಾಳಾದ ಬೇರು ಕತ್ತರಿಸಿ. ಕುಂಡವನ್ನು ಬಿಸಿನೀರು, ಸೋಪಿನಿಂದ ಉಜ್ಜಿ, ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡಿ. ಎರಡು ಮೂರು ವಾರ ಬಿಟ್ಟು ಮತ್ತೆ ಬೇರು ನೋಡಿ.

4. ಬೇರುಗಂಟು ಜಂತು ಹೊಕ್ಕ ಗಿಡವನ್ನು ಮನೆಯಲ್ಲಿ ಪೂರ್ತಿ ಗುಣಪಡಿಸಲಾಗದು. ಮಣ್ಣು ಸಮೇತ ತೆಗೆದುಹಾಕಿ. ಕಾಂಪೋಸ್ಟಿಗೆ ಸೇರಿಸಬೇಡಿ. ಬೇಕಾದರೆ ಮೇಲಿನ ರೆಂಬೆಯ ತುಂಡಿನಿಂದ ಹೊಸ ಗಿಡ ಮಾಡಿಕೊಳ್ಳಿ.

5. ಬೇವಿನ ಹಿಂಡಿಯ ಸಲಹೆಯಲ್ಲಿ ಹುರುಳಿದೆ. ಹೊಸ ಮಣ್ಣಿಗೆ ಒಂದು ಹಿಡಿ ಬೆರೆಸಿದರೆ ಹುಳು ಮತ್ತು ಜಂತುಗಳ ಬೆಳವಣಿಗೆಗೆ ತಡೆಯಾಗುತ್ತದೆ. ಆದರೆ ನಿಧಾನ. ಇದು ಮುನ್ನೆಚ್ಚರಿಕೆಗೆ ಒಳ್ಳೆಯದು, ಸಾಯುತ್ತಿರುವ ಗಿಡಕ್ಕೆ ಸಂಜೀವಿನಿ ಅಲ್ಲ.

ತುಳಸಿ ಒಣಗಿದರೆ ಮನೆಗೆ ಕೇಡೇ?

ಈ ಫಾರ್ವರ್ಡ್ ಓದಿ ನಿಜಕ್ಕೂ ಹೆದರುವವರಿದ್ದಾರೆ. ಹೆದರಿದವರೇ ಸಿಕ್ಕಿದ ಔಷಧಿ ಸುರಿಯುವುದು. ತುಳಸಿ ಹೆಚ್ಚು ಕಾಲ ಬಾಳುವ ಗಿಡವಲ್ಲ. ಹೂತೆನೆ ಬಂದು ಬೀಜ ಕಟ್ಟಿದ ಮೇಲೆ ಸೊರಗುವುದು ಸಹಜ. ಅದರ ಜೊತೆ ದಿನವೂ ತಂಬಿಗೆ ನೀರು, ಹೊರಹರಿಯಲು ತೂತಿಲ್ಲದ ಕಟ್ಟೆ, ವರ್ಷಗಟ್ಟಲೆ ಬದಲಿಸದ ಮಣ್ಣು ಸೇರಿದರೆ ಬೇರು ಕೊಳೆಯುತ್ತದೆ, ಜಂತುವೂ ಸೇರುತ್ತದೆ. ಇದರಲ್ಲಿ ಮನೆಯವರ ಅದೃಷ್ಟದ ಪಾತ್ರ ಏನೂ ಇಲ್ಲ. ಪೂಜೆಯ ನೀರನ್ನು ಒಂದು ಉದ್ಧರಣೆಯಷ್ಟಕ್ಕೆ ಇಳಿಸಿ, ಮಣ್ಣು ಬದಲಿಸಿ, ಉದುರಿದ ಬೀಜದಿಂದ ಹೊಸ ಸಸಿ ಎಬ್ಬಿಸಿ.

ಮುಂದಿನ ಸಲ ಗ್ರೂಪಿನಲ್ಲಿ ಯಾರಾದರೂ ಬಾಡಿದ ಗಿಡದ ಫೋಟೋ ಹಾಕಿದರೆ, ಔಷಧಿಯ ಹೆಸರು ಕಳಿಸುವ ಮೊದಲು ಒಂದು ಪ್ರಶ್ನೆ ಕಳಿಸಿ: ‘ಬೇರು ನೋಡಿದಿರಾ?’