ಡಿಕ್ಕಿಯಲ್ಲಿ ಕೂತ ಬ್ಯಾಟರಿ

ಮೊನ್ನೆ ಭಾನುವಾರ ಬೆಳಿಗ್ಗೆ ಡೊಂಬಿವಲಿಯ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಇನ್ನೂ ಕೈಯಲ್ಲೇ ಇತ್ತು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಿಂದ ಮಗನ ಫೋನು.

"ಅಪ್ಪಾ, ಗಾಡಿ ಚಾಲೂ ಆಗವಲ್ದು. ಬ್ಯಾಟರಿ ಹೋಗೇದ."

"ಹೊಸಾದು ಹಾಕಸು. ಅದಕ್ಕ ನನ್ನ ಯಾಕ ಕೇಳ್ತಿ?"

"ಇದರ ಬ್ಯಾಟರಿ ಡಿಕ್ಕಿಯೊಳಗ ಅದ. ಅಂಗಡಿಯಂವ ಸಾದಾ ಬ್ಯಾಟರಿ ಅರ್ಧಾ ರೊಕ್ಕಕ್ಕ ಕೊಡ್ತೀನಿ ಅಂತಾನ. ಹಾಕಸ್ಲಿ?"

ಮಗ ಹೋದ ವರ್ಷ ಕೊಂಡಿದ್ದು 1994ರ ಹಳೇ ಮಾಜ್ದಾ ಮಿಯಾಟಾ. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ. ಮಾಜ್ದಾ ಅಂದರೆ ನಮಗೆಲ್ಲ ನೆನಪಾಗುವುದು ಸ್ವರಾಜ್ ಮಾಜ್ದಾ ಮಿನಿಬಸ್ಸು. ಅದೇ ಹೆಸರಿನ ಸ್ಪೋರ್ಟ್ಸ್ ಕಾರು ಅಂದಾಗ ನಾನು ನಕ್ಕಿದ್ದೆ. ಆದರೆ ಡಿಕ್ಕಿ ಅನ್ನುವ ಮಾತು ಕೇಳಿದ ಕೂಡಲೇ ನಗು ಹೋಯಿತು. "ತಡಿ, ಈಗ ಏನೂ ತಗೋಬ್ಯಾಡ. ರಾತ್ರಿ ಫೋನ್ ಮಾಡ್ತೀನಿ" ಅಂದೆ. ಆ ದಿನವೆಲ್ಲ ಕೂತು ಓದಿದ್ದೇ ಈ ಲೇಖನ. ಬಿ.ಕಾಂ. ಓದಿದವನ ವಿಜ್ಞಾನ, ಹೊಟ್ಟೆಗೆ ಹಾಕಿಕೊಳ್ಳಿ.

ಕಥೆ ಶುರುವಾಗುವುದು 1859ರಲ್ಲಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ನಡುವೆ ತಾಗದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಇಟ್ಟ. ವಿದ್ಯುತ್ ಹರಿಸಿದರೆ ಅದು ಇಟ್ಟುಕೊಂಡಿತು, ಕೇಳಿದಾಗ ವಾಪಸ್ ಕೊಟ್ಟಿತು. ಅದಕ್ಕೂ ಮೊದಲಿದ್ದ ಬ್ಯಾಟರಿಗಳು ಒಮ್ಮೆ ಖಾಲಿಯಾದರೆ ಮುಗಿಯಿತು. ಇದು ಮತ್ತೆ ಮತ್ತೆ ತುಂಬಬಹುದಾದ ಖಾತೆ. 1881ರಲ್ಲಿ ಕಮೀಲ್ ಫೋರ್ ಅನ್ನುವ ಇನ್ನೊಬ್ಬ ಫ್ರೆಂಚ್ ಗೃಹಸ್ಥ ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ಹಾಳೆಗೆ ಮೆತ್ತಿದ. ಬ್ಯಾಟರಿಯ ತಾಕತ್ತು ಹೆಚ್ಚಿತು, ಕಾರ್ಖಾನೆಯಲ್ಲಿ ಮಾಡುವುದೂ ಸುಲಭವಾಯಿತು. ಇವತ್ತಿನ ಕಾರಿನ ಬ್ಯಾಟರಿಯಲ್ಲೂ ಇರುವುದು ಮೂಲತಃ ಅದೇ ಸೀಸ, ಅದೇ ಆಮ್ಲ. ಒಂದೊಂದು ಕೋಣೆಯಲ್ಲಿ ಸುಮಾರು 2.1 ವೋಲ್ಟ್. ಆರು ಕೋಣೆ ಸೇರಿದರೆ ನಾವು 12 ವೋಲ್ಟ್ ಅನ್ನುವ ಬ್ಯಾಟರಿ. ಪೂರ್ತಿ ತುಂಬಿದಾಗ 12.6ರ ಆಸುಪಾಸು.

ಮೊದಲ ಕಾರುಗಳನ್ನು ಕೈಯಲ್ಲೇ ತಿರುಗಿಸಿ ಎಬ್ಬಿಸಬೇಕಿತ್ತು. ಅಂಬಾಸಿಡರಿಗೆ, ಫಿಯಾಟಿಗೆ ಹ್ಯಾಂಡಲ್ ಹಾಕಿದವರಿಗೆ ಅದು ಹೇಗೆ ಹಿಂದಕ್ಕೆ ಒದೆಯುತ್ತದೆ ಅಂತ ಗೊತ್ತು. ಕೈ ಮುರಿದುಕೊಂಡವರು ಎಷ್ಟೋ ಜನ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕಿನಲ್ಲಿ ಬಂತು. ಅಂದಿನಿಂದ ಸ್ಟಾರ್ಟ್ ಮಾಡುವ ಭಾರ ಕೈಯಿಂದ ಬ್ಯಾಟರಿಗೆ ಹೋಯಿತು.

ಆ ಬ್ಯಾಟರಿಯನ್ನು ಎಲ್ಲಿಡುವುದು? ದೊಡ್ಡ ಕಾರಿಗೆ ಬಾನೆಟ್ ಕೆಳಗೆ ಜಾಗ ಬೇಕಾದಷ್ಟು. ಸಣ್ಣ ಸ್ಪೋರ್ಟ್ಸ್ ಕಾರಿನಲ್ಲಿ ಜಾಗವೂ ಕಮ್ಮಿ, ಮುಂದೆ ಭಾರವೂ ಹೆಚ್ಚಬಾರದು. 1962ರಲ್ಲಿ ಬಂದ ಇಂಗ್ಲೆಂಡಿನ ಎಂಜಿಬಿ ಕಾರಿನಲ್ಲಿ ಆರಾರು ವೋಲ್ಟಿನ ಎರಡು ಬ್ಯಾಟರಿಗಳನ್ನು ಸೀಟಿನ ಹಿಂದೆ, ನೆಲದ ಕೆಳಗೆ ಕೂರಿಸಿದರು. ಕಣ್ಣಿಗೆ ಕಾಣದ ಜಾಗ. ನೀರು ಹಾಕುವುದು ಮರೆತೇ ಹೋಗುತ್ತಿತ್ತು. ಎಪ್ಪತ್ತರ ದಶಕದ ನಡುವೆ ಕಂಪನಿಯೇ ಒಂದೇ 12 ವೋಲ್ಟಿನ ಬ್ಯಾಟರಿಗೆ ಬಂತು.

ಇಂಥ ಇಂಗ್ಲಿಷ್ ಕಾರುಗಳ ಮೇಲಿನ ಪ್ರೀತಿಯಿಂದಲೇ ಹುಟ್ಟಿದ್ದು ಮಿಯಾಟಾ. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿತು. ಜಪಾನಿನ ಎಂಜಿನಿಯರ್ ತೋಷಿಹಿಕೊ ಹಿರಾಯ್ ಅದರ ಮುಖ್ಯಸ್ಥರು. ಕುದುರೆ ಮತ್ತು ಸವಾರ ಒಂದೇ ಆದಂತಿರಬೇಕು ಅನ್ನುವುದು ಅವರ ಹಟ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಭಾರ ಹೆಚ್ಚುಕಮ್ಮಿ ಸಮನಾಗಿ ಹಂಚಲು ಬ್ಯಾಟರಿಯನ್ನು ಒಯ್ದು ಡಿಕ್ಕಿಯ ಬಲಮೂಲೆಯಲ್ಲಿಟ್ಟರು. ನಮ್ಮ ಬ್ಯಾಲೆನ್ಸ್ ಶೀಟಿನ ಹಾಗೆ, ಎರಡೂ ಕಡೆ ತಾಳೆಯಾಗಬೇಕಲ್ಲ! 2016ರ ಏಪ್ರಿಲ್ ಹೊತ್ತಿಗೆ ಇಂಥ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು.

ಆದರೆ ಡಿಕ್ಕಿಯೆಂದರೆ ಮುಚ್ಚಿದ ಡಬ್ಬಿ. ಸಾದಾ ಬ್ಯಾಟರಿ ಚಾರ್ಜ್ ಆಗುವಾಗ ಅದರೊಳಗಿನ ನೀರು ಒಡೆದು ಜಲಜನಕ, ಆಮ್ಲಜನಕ ಹೊರಬರುತ್ತವೆ. ಗಾಳಿಯಲ್ಲಿ ಜಲಜನಕ ನೂರಕ್ಕೆ 4 ಪಾಲಾದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಬಾನೆಟ್ ಕೆಳಗಾದರೆ ಗಾಳಿಗೆ ಹಾರಿಹೋಗುತ್ತದೆ. ಡಿಕ್ಕಿಯಲ್ಲಿ ಎಲ್ಲಿಗೆ ಹೋಗಬೇಕು? ಜೊತೆಗೆ ಆಮ್ಲದ ಹನಿ ತಗಡನ್ನು ತಿನ್ನುತ್ತದೆ.

ಅದಕ್ಕೇ ಮಾಜ್ದಾದವರು ಹಾಕಿದ್ದು ಪ್ಯಾನಾಸೋನಿಕ್ಕಿನ ಸೀಲಾದ ಬ್ಯಾಟರಿ. ಇದರಲ್ಲಿ ಆಮ್ಲ ತುಳುಕುವುದಿಲ್ಲ. ಕೂದಲಿಗಿಂತ ತೆಳುವಾದ ಗಾಜಿನ ನಾರಿನ ಹಾಸು ಅದನ್ನು ಹೀರಿಕೊಂಡಿರುತ್ತದೆ. ಒಳಗೆ ಹುಟ್ಟಿದ ಆಮ್ಲಜನಕ ಆಚೆಯ ತಟ್ಟೆ ಸೇರಿ ಮತ್ತೆ ನೀರಾಗುತ್ತದೆ. ಈ ವಿದ್ಯೆಯನ್ನು 1970ರ ದಶಕದ ಆರಂಭದಲ್ಲಿ ರೂಪಿಸಿದ್ದು ಅಮೆರಿಕದ ಗೇಟ್ಸ್ ರಬ್ಬರ್ ಕಂಪನಿ. ಎಜಿಎಂ ಬ್ಯಾಟರಿ ಅಂತ ಈಗ ಅಂಗಡಿಯಲ್ಲಿ ಕೇಳುವುದು ಇದನ್ನೇ. ಆದರೂ ಚಾರ್ಜ್ ಅತಿಯಾದರೆ ಇದೂ ಅನಿಲ ಬಿಡುತ್ತದೆ. ಅದನ್ನು ಕಾರಿನ ಹೊರಗೆ ಒಯ್ಯಲು ಸಣ್ಣ ರಬ್ಬರ್ ಕೊಳವೆ ಇರುತ್ತದೆ.

ರಾತ್ರಿ ಫೋನಿನಲ್ಲಿ ಪಟ್ಟಿ ಕೊಟ್ಟೆ. ಎಜಿಎಂ ಇರಲಿ. ಕೊಳವೆ ಸಿಕ್ಕಿಸುವ ತೂತು ಇದೆಯೋ ನೋಡು. ಅಳತೆ, ಪ್ಲಸ್ ಮೈನಸ್ ಯಾವ ಕಡೆ ಅನ್ನುವುದು ಹಳೆಯದಕ್ಕೆ ಹೊಂದಬೇಕು, ಪಟ್ಟಿ ಹಾಕಿ ಬಿಗಿಯಾಗಬೇಕು. ಚಳಿಯಲ್ಲಿ ಸ್ಟಾರ್ಟ್ ಮಾಡುವ ಆಂಪಿಯರ್ ಲೆಕ್ಕವನ್ನು ದೊಡ್ಡದಾಗಿ ತೋರಿಸಿದರೆ ಮರುಳಾಗಬೇಡ. ಅದನ್ನು ಅಳೆಯುವುದು ಮೈನಸ್ 18 ಡಿಗ್ರಿಯಲ್ಲಿ, ನಿನ್ನ ಊರಿನಲ್ಲಿ ಅಷ್ಟು ಚಳಿ ಎಲ್ಲಿ? ಎಂಜಿನ್ ಓಡುವಾಗ ಚಾರ್ಜಿಂಗ್ 14 ವೋಲ್ಟಿನ ಆಸುಪಾಸು ಇದೆಯೋ ಅಳೆಸು.

"ಇಷ್ಟ್ಯಾಕ ಹೆದರ್ತೀ ಅಪ್ಪಾ?" ಅಂದ.

ಹೇಳಬೇಕಾಯಿತು. 2006ರ ಮೇ ತಿಂಗಳು, ಲೋಡ್ ಶೆಡ್ಡಿಂಗಿನ ಸಂಜೆ. ನಮ್ಮ ಹಳೇ ಪದ್ಮಿನಿಯ ಬ್ಯಾಟರಿಯನ್ನು ಹಗಲೆಲ್ಲ ಚಾರ್ಜಿಗೆ ಹಾಕಿ, ಮುಚ್ಚಳ ತೆಗೆದು ನೀರು ನೋಡುತ್ತಿದ್ದೆ. ಆರು ವರ್ಷದ ಇವನನ್ನು ಟಾರ್ಚ್ ತರಲು ಮೇಲೆ ಕಳಿಸಿದ್ದೆ. ತಡವಾಯಿತು ಅಂತ ಕಡ್ಡಿ ಗೀರಿದೆ. ಢಬ್ ಅಂತ ಒಡೆಯಿತು. ಕನ್ನಡಕ ಕಣ್ಣುಳಿಸಿತು, ಬಲಗೈ ಮೇಲಿನ ಗುರುತು ಈಗಲೂ ಇದೆ. ಮನೆಯಲ್ಲಿ ಎಲ್ಲರ ಮುಂದೆ ನಾನು ಬೈದಿದ್ದು ಬ್ಯಾಟರಿ ಕೊಟ್ಟ ಅಂಗಡಿಯವನನ್ನು. ಕಡ್ಡಿ ಗೀರಿದ ಮಾತು ಹೆಂಡತಿಗೂ ಹೇಳಿರಲಿಲ್ಲ.

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಟಾರ್ಚ್ ನಿನ್ನ ಬ್ಯಾಂಕಿನ ಬ್ಯಾಗಿನ್ಯಾಗ ಇತ್ತು, ಸಿಗಲೇ ಇಲ್ಲ. ನಾ ಲಗೂನ ತಂದಿದ್ರ ಹಂಗ ಆಗ್ತಿರ್ಲಿಲ್ಲ ಅಂತ ಭಾಳ ದಿನ ಅಂದ್ಕೊಂಡಿದ್ದೆ."

ನನಗೆ ಮಾತೇ ಹೊರಡಲಿಲ್ಲ. ನಾನು ಅಂಗಡಿಯವನ ಖಾತೆಗೆ ಬರೆದ ಲೆಕ್ಕ, ಇಷ್ಟು ವರ್ಷ ಮಗನ ಖಾತೆಯಲ್ಲಿ ಕೂತಿತ್ತು. "ತಪ್ಪು ನಂದಪಾ" ಅಂದೆ. ಪಕ್ಕದಲ್ಲಿದ್ದ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದಳು.

ಬುಧವಾರ ಫೋಟೋ ಕಳಿಸಿದ. ಹೊಸ ಎಜಿಎಂ ಬ್ಯಾಟರಿ, ಎರಡೂ ಕೊಳವೆ ಸಿಕ್ಕಿಸಿದ್ದು ಕಾಣುವ ಹಾಗೆ. ಪಕ್ಕದಲ್ಲಿ ಒಂದು ಟಾರ್ಚ್ ಕೂಡ ಇಟ್ಟಿದ್ದ.

ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿಗೂ ಇದೇ ಮಾತು. ಗಾಳಿಯಾಡುವ ಕಡೆ ಇಡಿ, ನೀರು ನೋಡುವಾಗ ಟಾರ್ಚ್ ಹಿಡಿಯಿರಿ. ಟಾರ್ಚ್ ತರಲು ಹೋದ ಮಕ್ಕಳು ಬರುವ ತನಕ ಕಾಯಿರಿ.